ವಿಡಿಯೋ ಗೇಮಿನ ರಾಗ, ಬ್ಯಾಂಡಿನ ಕೋಟು

ನಾನು ವಿಡಿಯೋ ಗೇಮ್ ಆಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಆಡುವುದರಲ್ಲಿ ನನ್ನಂಥ ದಡ್ಡ ಇಡೀ ಹುಬ್ಬಳ್ಳಿಯಲ್ಲಿ ಸಿಗಲಿಕ್ಕಿಲ್ಲ. ಮೊದಲನೇ ತೆಗ್ಗು ಬಂತೋ, ಟೀವಿಯೊಳಗಿನ ನನ್ನ ಮನುಷ್ಯ ಅದರಲ್ಲಿ ಬಿದ್ದ ಅಂತಲೇ ತಿಳಿಯಿರಿ. ಆದರೆ ಅವನು ಬೀಳುವ ತನಕ ಹಿಂದೆ ಕೇಳುತ್ತಿದ್ದ ರಾಗ ಇದೆಯಲ್ಲ, ಅದನ್ನು ಈಗ ಊಟದ ನಡುವೆ ಎಬ್ಬಿಸಿ ಕೇಳಿದರೂ ಕ್ಲಾರ್ನೆಟ್ಟಿನ ಮೇಲೆ ಒಂದು ಸ್ವರ ತಪ್ಪದೆ ಊದಿ ತೋರಿಸುತ್ತೇನೆ. ಇದು ಜಂಬ ಅಂದರೆ ಜಂಬ. ದುಡಿದು ಕಲಿತದ್ದಕ್ಕೆ ಜಂಬ ಪಡಲು ನಾನು ಯಾರ ಅಪ್ಪಣೆಯನ್ನೂ ಕೇಳುವವನಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಏಳನೇ ಇಯತ್ತೆಗೆ ಸಾಲಿ ಬಿಟ್ಟಿದ್ದ ನಾನು ಅಷ್ಟೊತ್ತಿಗೆ ಪೂರಾ ದುಡಿಯುವ ಗಂಡಸಾಗಿದ್ದೆ. ಲಗ್ನದ ಸೀಜನ್ ಇಲ್ಲದ ದಿನ ಗ್ಯಾರೇಜಿನಲ್ಲಿ ಟಿಂಕರಿಂಗ್, ಅಂದರೆ ತಗ್ಗು ಬಿದ್ದ ಗಾಡಿಯ ತಗಡನ್ನು ಬಡಿದು ಸಮ ಮಾಡುವ ಕೆಲಸ. ಸೀಜನ್ ಬಂತೆಂದರೆ ಬ್ಯಾಂಡಿನಲ್ಲಿ ಕ್ಲಾರ್ನೆಟ್. ಎರಡೂ ಕಡೆ ದುಡಿಯುತ್ತಿದ್ದದ್ದು ಕಿವಿಯೇ. ತಗಡು ಸಮ ಆಗಿದೆಯೋ ಇಲ್ಲವೋ ಕಣ್ಣಿಗಿಂತ ಮೊದಲು ಸುತ್ತಿಗೆಯ ಸಪ್ಪಳ ಹೇಳುತ್ತದೆ.

ನಮ್ಮದು ಸಣ್ಣ ಬ್ಯಾಂಡು. ಅದನ್ನು ನಡೆಸುತ್ತಿದ್ದವರು ಟ್ರಂಪೆಟ್ ಊದುತ್ತಿದ್ದ ಹಿರಿಯರು, ನಾವೆಲ್ಲ ಅವರನ್ನು ಉಸ್ತಾದರು ಅನ್ನುತ್ತಿದ್ದೆವು. ಅವರ ಬ್ಯಾಂಡಿನಲ್ಲಿ ಒಂದು ರಿವಾಜು. ಹೊಸದಾಗಿ ಸೇರಿದವನಿಗೆ ಬರೀ ಟೋಪಿ. ಜರಿಪಟ್ಟಿಯ ಕೆಂಪು ಕೋಟು ಬೇಕೆಂದರೆ ಉಸ್ತಾದರೇ ಒಂದು ದಿನ ಕರೆದು, ತಮ್ಮ ಕೈಯಾರೆ ಹೆಗಲಿಗೆ ಏರಿಸಬೇಕು. ಕೋಟು ಬಂದವನು ಮುಂದಿನ ಸಾಲಿಗೆ ಬರುತ್ತಿದ್ದ, ಬಾರದವನು ಹಿಂದೆ ಹಿತ್ತಾಳೆ ತಟ್ಟೆಗಳ ಝಲ್ಲರಿ ಬಡಿಯುತ್ತ ನಡೆಯುತ್ತಿದ್ದ. ನಾನು ವರ್ಷಗಟ್ಟಲೆ ಝಲ್ಲರಿ ಬಡಿದವನು. ಕೋಟು ಬಂದ ದಿನ ಅದನ್ನು ಹಾಕಿಕೊಂಡೇ ಮನೆಗೆ ಹೋದೆ. ಓಣಿಯ ಹೆಂಗಸರು, "ಯಾರದೋ ಲಗ್ನ?" ಅಂದರು. "ನಂದೇ ಅಂತ ತಿಳೀರಿ," ಅಂದೆ.

ಗೇಮಿನ ಕಥೆ ಶುರುವಾದದ್ದು ರೊಟ್ಟಿಯಿಂದ. ಬೆಂಗೇರಿಯಲ್ಲಿ ಒಬ್ಬ ಅಕ್ಕಾರು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದರು. ಗ್ಯಾರೇಜಿನವರ ರೊಟ್ಟಿ ತರುವ ಪಾಳಿ ನನ್ನದಾಗಿತ್ತು. ಅವರ ಮನೆಯ ಮುಂದಿನ ಖೋಲಿಯಲ್ಲಿ ಟೀವಿ, ಅದಕ್ಕೆ ಸಿಗಿಸಿದ ವಿಡಿಯೋ ಗೇಮು. ಓಣಿಯ ಹುಡುಗರು ಅರ್ಧ ತಾಸಿನ ಬಾಡಿಗೆ ಕೊಟ್ಟು ಆಡಿ ಹೋಗುತ್ತಿದ್ದರು. ಆಟ ತುಂಬಿದ ಪ್ಲಾಸ್ಟಿಕ್ ತುಂಡಿಗೆ ನಾವೆಲ್ಲ ಕ್ಯಾಸೆಟ್ ಅನ್ನುತ್ತಿದ್ದೆವು. ಅದು ಶುರುವಾಗದಿದ್ದರೆ ತೆಗೆದು ಬಾಯಿಯಿಂದ ಊದಿ ಮತ್ತೆ ಸಿಗಿಸುವುದು. ಊದುವ ಕೆಲಸ ನನಗೆ ಬಿಡುತ್ತಿದ್ದರು. "ಬ್ಯಾಂಡಿನವರ ಉಸಿರು ಖಡಕ್ ಇರ್ತೈತಿ, ಊದ್ರಿ," ಅನ್ನುತ್ತಿದ್ದರು ಅಕ್ಕಾರು.

ಆ ಓಣಿಯಲ್ಲಿ ಅಕ್ಕಾರಷ್ಟು ಛಲೋ ಆಡುವವರು ಯಾರೂ ಇರಲಿಲ್ಲ. ಮೊದಮೊದಲು ಹುಡುಗರು ಇಲ್ಲದಾಗ ಗೇಮು ಸರಿ ಇದೆಯೋ ಇಲ್ಲವೋ ನೋಡಲು ಹಿಡಿದವರು, ಆಮೇಲೆ ಬಿಡಲೇ ಇಲ್ಲ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ತವೆಯ ಮೇಲೆ ಒಂದು ರೊಟ್ಟಿ ಬಿಟ್ಟು ಬಂದು ಕೂತರೆ, ಅದು ಉಬ್ಬುವುದರೊಳಗೆ ಒಂದು ಮನೆ ದಾಟಿಬಿಡುತ್ತಿದ್ದರು. ಮನೆ ಅಂದರೆ ಆಟದ ಒಂದು ಹಂತ. ಅವರಿಗೆ ಹೆಚ್ಚು ಸೇರುತ್ತಿದ್ದದ್ದು ಒಬ್ಬ ಸಣ್ಣ ಮನುಷ್ಯ ಜಿಗಿಜಿಗಿದು ಓಡುವ ಆಟ. ಮೊದಲು ಅಡವಿ, ಆಮೇಲೆ ಗವಿ, ಆಮೇಲೆ ನೀರಿನ ಮನೆ, ಕೊನೆಗೆ ಕೋಟೆ. ಒಂದೊಂದಕ್ಕೂ ಒಂದೊಂದು ರಾಗ.

ರೊಟ್ಟಿಗೆ ಹೋದವನು ಒಂದು ದಿನ ಗೋಡೆಗೆ ಒರಗಿ ನಿಂತೇಬಿಟ್ಟೆ.

"ಅಕ್ಕಾರ, ಇದರಾಗ ಬಾರಸಾಕತ್ತವರು ನಾಕೇ ಮಂದಿ ಅದಾರ್ರಿ," ಅಂದೆ.

"ನೀವೇನು ಟೀವಿ ಹಿಂದ ಹೋಗಿ ಎಣಸಿ ಬಂದ್ರೇನು?"

"ಇಲ್ರಿ, ಕೇಳ್ರಿ. ಎರಡು ಸಣ್ಣ ದನಿ. ಒಂದು ಕೆಳಗ ದಪ್ಪ ದನಿ. ಇನ್ನೊಂದು ಬರೇ ಉಸ್ಸ ಉಸ್ಸ ಅಂತೈತಿ, ಅದು ತಾಳ. ನಾನು, ನಮ್ಮ ಉಸ್ತಾದರು, ಭೋಂಗಾದವ, ಸೈಡ್ ಡ್ರಮ್ಮಿನವ. ನಮ್ಮ ಬ್ಯಾಂಡೇ ಐತ್ರಿ ಇದು!"

ಭೋಂಗಾ ಅಂದರೆ ಹೊಟ್ಟೆಗೆ ಅಪ್ಪಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ. ಅದನ್ನು ಊದುತ್ತಿದ್ದವನು ನನ್ನ ಜೀವದ ಗೆಳೆಯ. ಅಕ್ಕಾರು ಆಟ ನಿಲ್ಲಿಸದೆಯೇ ನಕ್ಕರು. ನನಗೆ ಮಾತ್ರ ಅವತ್ತು ಗ್ಯಾರೇಜಿನ ಮಂದಿ ಹಸಿದು ಕೂತಿದ್ದು ನೆನಪೇ ಆಗಲಿಲ್ಲ.

ಆ ರಾಗಗಳು ಯಾಕೆ ಮರೆಯುವುದಿಲ್ಲ ಅಂತ ನಾನು ಬಹಳ ಸಲ ವಿಚಾರ ಮಾಡಿದ್ದೇನೆ. ಒಂದು, ಅವು ಗಿಡ್ಡ. ಬೇಸರ ಬರುವುದರೊಳಗೆ ತಿರುಗಿ ಮೊದಲಿಗೆ ಬರುತ್ತವೆ, ಮತ್ತೆ ಕೇಳಿದಾಗ ಮೊದಲು ಗಮನಿಸದ ಒಂದು ಕುಸುರಿ ಕೇಳುತ್ತದೆ. ಇನ್ನೊಂದು, ನಾಲ್ಕೇ ದನಿ ಇರುವುದರಿಂದ ಯಾವುದಕ್ಕೂ ಸುಮ್ಮನೆ ಕೂಡುವ ಸವಲತ್ತು ಇಲ್ಲ. ನಮ್ಮ ಬ್ಯಾಂಡಿನ ಹಾಗೆಯೇ, ಒಬ್ಬ ಕೆಮ್ಮಿದರೂ ಗೊತ್ತಾಗುತ್ತದೆ. ಅಡವಿಯ ರಾಗ ಕೇರವಾ ತಾಳದಲ್ಲಿ ಕುಣಿಯುತ್ತ ಹೋಗುವಂಥದ್ದು. ಗವಿಯದರಲ್ಲಿ ಸ್ವರಕ್ಕಿಂತ ನಡುವಿನ ಖಾಲಿ ಜಾಗವೇ ಹೆಚ್ಚು, ಆ ಖಾಲಿಯಲ್ಲಿ ನಮ್ಮ ಎದೆಯೇ ಬಡಿದುಕೊಳ್ಳುತ್ತದೆ. ಕೋಟೆಯದರಲ್ಲಿ ಸ್ವರಗಳು ಒಂದರ ಪಕ್ಕ ಒಂದು ಎಷ್ಟು ಒತ್ತಿಕೊಂಡಿರುತ್ತವೆ ಅಂದರೆ, ರಶ್ ಇದ್ದ ಬಸ್ಸಿನಲ್ಲಿ ನಿಂತ ಹಾಗೆ ಕಸಿವಿಸಿ. ನೀರಿನ ಮನೆಯದು ದಾದರಾ ತಾಳ. ಒಂದೆರಡುಮೂರು, ಒಂದೆರಡುಮೂರು ಅಂತ ತೊಟ್ಟಿಲಿನಂತೆ ತೂಗುತ್ತದೆ. ಧಾರವಾಡದ ಕಡೆ ಬ್ಯಾಂಡಿಗೆ ಹೋದಾಗ ಯಾವುದೋ ಮನೆಯಿಂದ ಯಾರೋ ಠುಮರಿ ಹಾಡುವುದು ಕೇಳಿ ನಿಂತದ್ದುಂಟು. ಆ ತೂಗು ಮತ್ತು ಈ ತೂಗು ಅಣ್ಣ ತಮ್ಮ ಅಂತ ನಾನು ಹೇಳಿದರೆ ಯಾರಾದರೂ ನಕ್ಕಾರು. ನಗಲಿ, ಕಿವಿ ನನ್ನದು.

ಮುಂದೆ ಎರಡು ಸಾವಿರದ ಆಚೆ ಮೊಬೈಲ್ ಬಂದಾಗ ಎಲ್ಲರ ಕಿಸೆಯಲ್ಲೂ ಇಂಥದೇ ಟೂಂ ಟೂಂ ರಾಗಗಳು ಬಂದವು. ನನಗೆ ಹಳೆಯ ಗೆಳೆಯರು ಊರಿಗೆ ಬಂದಂತಾಯಿತು. ನನ್ನ ಮಗ ಆಡುವ ಕಂಪ್ಯೂಟರ್ ಗೇಮಿನಲ್ಲಿ ನೂರಾರು ಪಿಟೀಲು ಒಟ್ಟಿಗೆ ಬಾರಿಸುತ್ತವೆ. ಕೇಳಲು ಭಾರೀ ಇದೆ, ಸುಳ್ಳು ಹೇಳಬಾರದು. ಆದರೆ ಜಳಕ ಮಾಡುವಾಗ ಗುನುಗಲಿಕ್ಕೆ ಬರುವುದಿಲ್ಲ.

ರಾಗ ಕಲಿಯುವುದರಲ್ಲಿ ಒಂದು ತೊಡಕಿತ್ತು. ಕ್ಯಾಸೆಟ್ ಅಂತ ಕರೆದರೂ ಅದು ಹಾಡಿನ ಕ್ಯಾಸೆಟ್ಟಿನಂತೆ ಹಿಂದೆ ಮುಂದೆ ಓಡುವುದಿಲ್ಲ. ನೀರಿನ ಮನೆಯ ರಾಗ ಬೇಕೆಂದರೆ ಯಾರಾದರೂ ಅಡವಿ, ಗವಿ ದಾಟಿ ಅಲ್ಲಿಗೆ ಹೋಗಿ ಮುಟ್ಟಬೇಕು, ಮುಟ್ಟಿ ಸಾಯದೆ ಇರಬೇಕು. ಹಾಗಾಗಿ ನನ್ನ ತಾಲೀಮು ಅಕ್ಕಾರ ಬೆರಳಿನ ಮೇಲೆ ನಡೆಯಿತು. ಅವರು ಮೀನು ತಪ್ಪಿಸಿಕೊಂಡು ಈಜಾಡುತ್ತಿದ್ದರೆ ನಾನು ಪಕ್ಕದಲ್ಲಿ ಮೆಲ್ಲಗೆ ಊದಿ ಹಿಡಿಯುವುದು.

"ಅಕ್ಕಾರ, ಮುಂದ ಹೋಗಬ್ಯಾಡ್ರಿ, ಇಲ್ಲೇ ಒಂದ್ ಘಳಿಗಿ ತೇಲ್ರಿ. ಎರಡನೇ ಸಾಲು ಸಿಗವಲ್ದು."

"ತೇಲಾಕ ಇದೇನು ಉಣಕಲ್ ಕೆರಿ ಅನ್ಕೊಂಡೀರೇನು? ಅಲ್ನೋಡ್ರಿ, ಬಂತು ಮೀನ!"

ಒಂದು ವಿಷಯ ಅಕ್ಕಾರೇ ತೋರಿಸಿಕೊಟ್ಟರು. ಆಟದಲ್ಲಿ ಕೊಟ್ಟ ವೇಳೆ ಮುಗಿಯುತ್ತ ಬಂದರೆ ಅದೇ ರಾಗ ಗಕ್ಕನೆ ಲಗೂ ಲಗೂ ಬಾರಿಸಲು ಶುರುವಾಗುತ್ತದೆ. ಸ್ವರ ಒಂದೂ ಬದಲಿಲ್ಲ, ಬರೀ ಓಟ. "ಇದು ಕೇಳಿತಂದ್ರ ನನ್ನ ಕಾಲು ತಾವ ಓಡತಾವ ನೋಡ್ರಿ," ಅಂದರು. ಕೂತಲ್ಲೇ ಅವರ ಪಾದ ಖರೇನೇ ಕುಣಿಯುತ್ತಿದ್ದವು.

ಭೋಂಗಾದವನಿಗೂ ಸೈಡ್ ಡ್ರಮ್ಮಿನವನಿಗೂ ಈ ಹುಚ್ಚು ಹಚ್ಚಿದೆ. ಬೆಳಗ್ಗೆ ಉಣಕಲ್ ಕೆರೆಯ ದಂಡೆಯಲ್ಲಿ ಮೂವರೂ ಕೂತು ತಾಲೀಮು. ವಾಕಿಂಗ್ ಬಂದವರು ನಿಂತು ಕೇಳಿ, ಇದು ಯಾವ ಸಿನೆಮಾದ್ದು ಅಂತ ಕೇಳುತ್ತಿದ್ದರು. "ಇನ್ನಾ ಬಂದಿಲ್ರಿ, ಬರತೈತಿ," ಅನ್ನುತ್ತಿದ್ದ ಭೋಂಗಾದವ.

ಅವನ ಬಾಯಿಯೇ ನಮ್ಮನ್ನು ಸಿಗಿಸಿಹಾಕಿತು. ಒಂದು ದಿನ ಬ್ಯಾಂಡಿನ ಅಂಗಡಿಯಲ್ಲಿ ಹಿತ್ತಾಳೆ ತಿಕ್ಕುತ್ತ ಗವಿಯ ರಾಗ ಗುನುಗಿದ. ಉಸ್ತಾದರು ಅರಿವೆ ಕೆಳಗಿಟ್ಟರು. ಗೇಮಿನ ರಾಗ ಅಂತ ಒಪ್ಪಿಕೊಳ್ಳಬೇಕಾಯಿತು. ಅವರು ಸಿಟ್ಟಿಗೆ ಏಳಲಿಲ್ಲ. ನನ್ನನ್ನು ಕೂಡ್ರಿಸಿಕೊಂಡೇ ಮಾತಾಡಿದರು.

"ಬೇಟಾ, ರಸ್ತೆದಾಗ ಬಾರಸೂ ಹಾಡಿಗೆ ಮಾತು ಇರಬೇಕು. ನಾವು ಬರೇ ದನಿ ಊದತೇವಿ, ಮಾತು ಕೇಳೋರ ಮನಸ್ಸಿನ್ಯಾಗ ಇರತೈತಿ. ಅವರು ಒಳಗ ಹಾಡ್ಕೋತಾರ, ಅದಕ್ಕ ಕುಣೀತಾರ. ನಿನ್ನ ಆ ಡಬ್ಬಿ ರಾಗಕ್ಕ ಮಾತು ಎಲ್ಲೈತಿ?"

"ಮಾತಿಲ್ರಿ ಉಸ್ತಾದ್ರ. ಆದ್ರ..."

"ಆದ್ರ ಗೀದ್ರ ಇಲ್ಲ. ಕೆರಿ ದಂಡ್ಯಾಗ ಮೀನಿಗೆ ಬಾರಸು, ನಂದೇನೂ ತಕರಾರಿಲ್ಲ. ಲಗ್ನದಾಗ ಬಾರಸಿದ್ಯೋ, ಅವತ್ತ ಕೋಟು ಬಿಚ್ಚಿ ನನ್ನ ಕೈಯಾಗ ಕೊಟ್ಟು ಹೋಗು."

ಅವರು ಒಂದು ಮಾತು ಹೇಳಿದರೆ ಮುಗಿಯಿತು, ತಿರುಗಿಸಿದ್ದನ್ನು ನಾನು ಕಂಡಿರಲಿಲ್ಲ. ಹೂಂ ಅಂದೆ.

ಅದೇ ಸೀಜನ್ನಿನಲ್ಲಿ ದೇಶಪಾಂಡೆ ನಗರದ ಕಡೆ ಒಂದು ಲಗ್ನ ಬಂತು. ನಮ್ಮಲ್ಲಿ ಮದುಮಗನನ್ನು ಹಣಮಪ್ಪನ ಗುಡಿಯಿಂದ ಮೆರವಣಿಗೆಯಲ್ಲಿ ಲಗ್ನದ ಕಾರ್ಯಾಲಯಕ್ಕೆ ಕರೆತರುತ್ತಾರೆ. ಅಕ್ಕಿಕಾಳು ಬೀಳುವ ಮುಹೂರ್ತ ಹತ್ತಿರ ಬಂದಿತ್ತು, ಬಿಸಿಲು ಏರಿತ್ತು, ಮದುಮಗ ಕುದುರೆಯ ಮೇಲೆ ಬಾಸಿಂಗದೊಳಗೆ ಬೆವರುತ್ತ ಕೂತಿದ್ದ. ಒಂದು ಕ್ರಾಸಿಗೆ ಬಂದೆವು. ಎದುರಿನಿಂದ ಇನ್ನೊಂದು ಮೆರವಣಿಗೆ!

ಬ್ಯಾಂಡಿನವರಲ್ಲಿ ಒಂದು ಕಾಯಿದೆ ಉಂಟು. ಎರಡು ಮೆರವಣಿಗೆ ಎದುರುಬದುರಾದರೆ, ಯಾವ ಬ್ಯಾಂಡು ಮೊದಲು ಸುಮ್ಮನಾಗುತ್ತದೋ ಆ ಕಡೆಯವರು ಬದಿಗೆ ಸರಿದು ದಾರಿ ಬಿಡಬೇಕು. ಇದನ್ನು ಯಾರು ಮಾಡಿದರೋ ಗೊತ್ತಿಲ್ಲ, ಮುರಿದವರನ್ನು ಮಾತ್ರ ಕಂಡಿಲ್ಲ. ಎದುರಿನ ಬ್ಯಾಂಡು ಹೊಸದು, ದೊಡ್ಡದು. ಕೈಗಾಡಿಯ ಮೇಲೆ ಕ್ಯಾಸಿಯೋ ಕೀಬೋರ್ಡು, ಅದಕ್ಕೆ ಸ್ಪೀಕರು, ಹಿಂದೆ ಜನರೇಟರು. ನಾವು ಒಂದು ಸಿನೆಮಾ ಹಾಡು ಎತ್ತಿದರೆ ಅದೇ ಹಾಡನ್ನು ಅವರು ಮೂರು ಪಟ್ಟು ಜೋರಾಗಿ ಎತ್ತಿದರು. ಇನ್ನೊಂದು ಎತ್ತಿದೆವು, ಅದನ್ನೂ ನುಂಗಿದರು. ನಮ್ಮ ಕಡೆಯ ಹುಡುಗರೇ ಕುಣಿಯುತ್ತ ಕುಣಿಯುತ್ತ ಆ ಕಡೆ ಸರಿಯತೊಡಗಿದರು. ಉಸ್ತಾದರ ಕೊರಳ ನರ ಉಬ್ಬಿದವು. ಒಂದು ಉದ್ದ ಸ್ವರದ ನಡುವೆ ಅವರ ಉಸಿರು ಕಡಿಯಿತು. ಟ್ರಂಪೆಟ್ ಕೆಳಗಿಳಿಸಿ ಕೆಮ್ಮಿದರು.

ಕೋಟಿನ ವಿಚಾರ ತಲೆಗೆ ಬರಲಿಲ್ಲ ಅಂತ ಹೇಳುವುದಿಲ್ಲ. ಬಂತು. ಆದರೂ ಉಸ್ತಾದರು ತಲೆ ತಗ್ಗಿಸಿ ಬದಿಗೆ ಸರಿಯುವುದನ್ನು ನೋಡುತ್ತ ನಿಲ್ಲುವುದಕ್ಕಿಂತ ಝಲ್ಲರಿಯೇ ಮೇಲು ಅನಿಸಿತು. ಭೋಂಗಾದವನ ಕಡೆ ನೋಡಿ ಹುಬ್ಬು ಹಾರಿಸಿದೆ. ಅವನ ಮುಖ ಬಿಳುಪೇರಿತು, ಆದರೂ ತುಟಿ ಭೋಂಗಾಕ್ಕೆ ಹಚ್ಚಿದ. ಅಡವಿಯ ರಾಗ ಎತ್ತಿದೆ.

ಮೊದಲ ಸುತ್ತು ಯಾರಿಗೂ ತಿಳಿಯಲಿಲ್ಲ. ಎರಡನೇ ಸುತ್ತಿಗೆ ಆ ಕಡೆಯ ಗುಂಪಿನಿಂದ ಒಬ್ಬ ಕಿರುಚಿದ:

"ಏ! ಗೇಮಿಂದು ಲೇ ಇದು! ಗೇಮಿಂದು!"

ಅಷ್ಟೇ. ಆ ಕಡೆಯವರು, ಈ ಕಡೆಯವರು ಅನ್ನುವುದು ಹೋಯಿತು. ಎಲ್ಲರೂ ಎಲ್ಲೋ ಒಂದು ಮುಂದಿನ ಖೋಲಿಯಲ್ಲಿ ಅರ್ಧ ತಾಸಿನ ಬಾಡಿಗೆ ಕೊಟ್ಟು ಕೂತವರೇ. ಹಾಡಿಗೆ ಕುಣಿಯುವ ಬದಲು ಜಿಗಿಯತೊಡಗಿದರು. ಒಂದು ಕೈ ಮೇಲೆತ್ತಿ, ಮೊಣಕಾಲು ಮಡಚಿ, ಆ ಸಣ್ಣ ಮನುಷ್ಯ ಜಿಗಿದಂತೆಯೇ. ಒಬ್ಬ ಗಟಾರ ಕಂಡು ಅದರ ಮೇಲಿಂದ ಜಿಗಿದ. ಅವನ ಹಿಂದೆ ಸಾಲು ಹಿಡಿದು ಎಲ್ಲರೂ ಜಿಗಿದರು. ಪೇಟ ಸುತ್ತಿದ ಒಬ್ಬ ಹಿರಿಯರು, "ಇವಕ್ಕೇನರ ಇರುವಿ ಕಡದಾವೇನು?" ಅಂತ ಪಕ್ಕದವರನ್ನು ಕೇಳುತ್ತಿದ್ದರು. ಎದುರಿನ ಬ್ಯಾಂಡಿನ ಡ್ರಮ್ಮಿನವನಿಗೂ ತಡೆಯಲಾಗಲಿಲ್ಲ, ನಮ್ಮ ತಾಳಕ್ಕೆ ಕೈ ಹಾಕಿದ. ಕ್ಯಾಸಿಯೋದವ ಬೆರಳು ಎತ್ತಿ ಸುಮ್ಮನೆ ನೋಡುತ್ತ ನಿಂತ. ಅವರ ಹಾಡು ನಿಂತಿತ್ತು. ಕಾಯಿದೆ ಪ್ರಕಾರ ದಾರಿ ನಮ್ಮದು.

ಅಲ್ಲಿಗೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಕ್ರಾಸು ದಾಟಿದ ಮೇಲೆ ಮುಹೂರ್ತದ ನೆನಪಾಗಿ ನಡಿಗೆ ಸ್ವಲ್ಪ ಚುರುಕಾಗಲಿ ಅಂತ ನಾನು ರಾಗವನ್ನು ಲಗೂ ಬಾರಿಸಿದೆ. ಆಟದಲ್ಲಿ ವೇಳೆ ಮುಗಿಯುತ್ತ ಬಂದಾಗ ಬಾರಿಸುತ್ತದಲ್ಲ, ಹಾಗೆ. ಮೆರವಣಿಗೆ ಗಕ್ಕನೆ ಓಡಲು ಹತ್ತಿತು! ಹುಡುಗರು ಹೋ ಅಂತ ಓಡಿದರು. ಅವರನ್ನು ನೋಡಿ ಕುದುರೆ ಓಡಿತು. ಕುದುರೆಯ ಹಿಂದೆ ಲಗಾಮಿನವ, ಅವನ ಹಿಂದೆ ಮದುಮಗನ ಸೋದರಮಾವ ಧೋತರ ಎತ್ತಿಕೊಂಡು. ಬಾಸಿಂಗ ಕಿವಿಗೆ ಜಾರಿತ್ತು, ಮದುಮಗ ಮಾತ್ರ ಹಲ್ಲು ಕಾಣುವಂತೆ ನಗುತ್ತಿದ್ದ. ಓಡುತ್ತ ಊದಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ನಿಲ್ಲಿಸಿದರೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಾರೆಂದು ನಿಲ್ಲಿಸಲೂ ಧೈರ್ಯ ಬರಲಿಲ್ಲ.

ಕಾರ್ಯಾಲಯದ ಬಾಗಿಲಲ್ಲಿ ಆರತಿಯವರು ಇನ್ನೂ ಬಂದಿರಲಿಲ್ಲ. ಭಟ್ಟರು ಗಡಿಯಾರ ನೋಡಿ, "ಇಷ್ಟ ಲಗೂ ಮದಿಮಗ ಬಂದದ್ದು ನಾ ನೋಡೇ ಇಲ್ಲ," ಅಂದರು. ಒಳಗಿನಿಂದ ಹೆಂಗಸರು ಕಲಶ ಹಿಡಿದು ಬರುವುದರೊಳಗೆ ಇನ್ನೊಂದು ತಕರಾರು ಎದ್ದಿತು. ಎದುರಿನ ಲಗ್ನದ ಹುಡುಗರು ನಮ್ಮ ಜೊತೆಗೇ ಓಡಿಬಂದು ನಾಷ್ಟಾದ ಪಂಕ್ತಿಯ ಕಡೆ ನಡೆದಿದ್ದರು. ಅವರನ್ನು ಹುಡುಕಿಕೊಂಡು ಅವರ ಕಾಕಾ ಬಂದರು.

"ನಮ್ಮ ಹುಡುಗ್ರನ್ನ ಕಳಸ್ರಿ, ಅಲ್ಲಿ ಮದಿಮಗನ ಮುಂದ ಒಬ್ಬನೂ ಇಲ್ಲ!"

"ಒಯ್ಯರಿ, ನಾವೇನು ಕಟ್ಟಿ ಹಾಕೇವೇನು? ಶಿರಾ ತಿಂದು ಬರ್ತಾರ," ಅಂದರು ನಮ್ಮ ಮದುಮಗನ ಸೋದರಮಾವ, ಇನ್ನೂ ತೇಕುತ್ತ. ಆಮೇಲೆ ನಮ್ಮ ಕಡೆ ತಿರುಗಿದರು. "ಯಾರಪಾ ಅದನ್ನ ಬಾರಸಿದಂವ? ನನ್ನ ಧೋತರಾ ಉಳದದ್ದ ದೊಡ್ಡದು!"

ಉಸ್ತಾದರು ಹಿಂದಿನಿಂದ ಆಟೋದಲ್ಲಿ ಬಂದು ಇಳಿದರು. ಅವರು ಕೇಳುವ ತನಕ ಕಾಯುವವನಲ್ಲ ನಾನು. ಕೋಟು ಬಿಚ್ಚಿದೆ, ನೀಟಾಗಿ ಮಡಚಿದೆ, ಅವರ ಕೈಗೆ ಕೊಟ್ಟೆ. ತೊಗೊಂಡು ಬಗಲಲ್ಲಿ ಇಟ್ಟುಕೊಂಡರು. ಬರೀ ಅಂಗಿಯಲ್ಲಿ ಮನೆಗೆ ಹೋದೆ.

ಎರಡು ದಿನ ಗ್ಯಾರೇಜಿನಲ್ಲಿ ತಗಡನ್ನು ಎಷ್ಟು ಬಡಿದೆನೆಂದರೆ ಮಾಲಕರು, "ಗಾಡಿ ಮ್ಯಾಲ ಏನರ ಸಿಟ್ಟ ಐತೇನು?" ಅಂತ ಕೇಳಿದರು. ಮೂರನೇ ದಿನ ಮಧ್ಯಾಹ್ನ ಉಸ್ತಾದರು ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಟ್ರಂಪೆಟ್ಟಿನ ಪೆಟ್ಟಿಗೆ, ಇನ್ನೊಂದರಲ್ಲಿ ಪೇಪರಿನಲ್ಲಿ ಸುತ್ತಿದ ಗಂಟು.

"ಯಾರ ಕಡೆ ಕಲ್ತಿ ಅದನ್ನ?"

"ಬೆಂಗೇರಿ ಅಕ್ಕಾರ ಕಡೆ."

"ನಡಿ. ಕ್ಲಾರ್ನೆಟ್ ತೊಗೋ."

ಅಕ್ಕಾರು ರೊಟ್ಟಿ ಬಡಿಯುತ್ತಿದ್ದರು. ಹಿರಿಯರು ಬಂದದ್ದು ಕಂಡು ಸೆರಗು ಸರಿಮಾಡಿಕೊಂಡು, ಚಾಪೆ ಹಾಸಿ, "ಬರ್ರಿ, ಕೂಡ್ರಿ," ಅಂದರು. ಉಸ್ತಾದರು ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು, ಯಾವುದೋ ದೊಡ್ಡ ಗವಾಯಿಯ ಮುಂದೆ ಕೂತಂತೆ. ಅಕ್ಕಾರು ಆಟ ಹಚ್ಚಿದರು. ಅಡವಿ ಹೋಯಿತು, ಗವಿ ಹೋಯಿತು. ಉಸ್ತಾದರು ಕಣ್ಣು ಮುಚ್ಚಿ ಬರೀ ಕೇಳಿದರು. ನೀರಿನ ಮನೆ ಬಂದಾಗ ಅವರ ತೊಡೆಯ ಮೇಲೆ ಬೆರಳು ದಾದರಾ ಹಿಡಿದವು. ನನ್ನ ಕಣ್ಣು ಆ ಪೇಪರಿನ ಗಂಟಿನ ಮೇಲೇ ಇತ್ತು.

"ಬೇಟಾ, ಎರಡನೇ ದನಿ ಯಾರು ಬಾರಸಬೇಕಿತ್ತು ಅವತ್ತ?"

"ನೀವರಿ. ಟ್ರಂಪೆಟ್ಟಿಂದ ಐತ್ರಿ ಅದು. ನೀವು ಬಾರಸದ್ದಕ್ಕ ಅದನ್ನ ಬಿಟ್ಟ ಓಡಿಸಿದೆ."

"ಬಿಟ್ಟೀದಿ. ನಾಕು ಮಂದಿ ಮನ್ಯಾಗ ಒಬ್ಬನ್ನ ಹೊರಗ ಹಾಕಿ ಊಟಕ್ಕ ಕುಂತಂಗಾತು." ಟೀವಿಯ ಕಡೆ ಬೆರಳು ತೋರಿಸಿ, "ಮಾತಿಲ್ಲ ಅಂದಿದ್ದೆ ನಾ," ಅಂದರು. "ಇದಕ್ಕ ಮಾತು ಬ್ಯಾಡ. ಕಾಲು ಅದಾವು. ಆ ಕುದರಿಗೂ ತಿಳೀತಲ್ಲ!"

ಗಂಟನ್ನು ನನ್ನ ಕಡೆ ನೂಕಿದರು. ಬಿಚ್ಚಿದೆ. ನನ್ನ ಕೋಟೇ. ನಾನು ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡು ಕೂತೆ. ನನಗೂ ಮರ್ಯಾದೆ ಇದೆ, ರಿವಾಜು ನನಗೂ ಗೊತ್ತು. ಉಸ್ತಾದರಿಗೆ ತಿಳಿಯಿತು. ಮೊಣಕಾಲಿಗೆ ಕೈ ಕೊಟ್ಟು ಎದ್ದು, ಕೋಟು ಝಾಡಿಸಿ, ತಮ್ಮ ಕೈಯಾರೆ ನನ್ನ ಹೆಗಲಿಗೆ ಏರಿಸಿದರು. ಒಳಗೆ ಗ್ಯಾರೇಜಿನ ಎಣ್ಣೆ ಅಂಗಿ, ಮೇಲೆ ಜರಿಪಟ್ಟಿ.

"ಆ ಕಾಕಾ ಬಂದಿದ್ದ," ಅಂದರು. "ಎದುರಿನ ಲಗ್ನದಂವ. ಅವರ ಇನ್ನೊಬ್ಬ ಹುಡುಗನ ಲಗ್ನಕ್ಕ ನಮಗ ಹೇಳ್ಯಾನ. ಜಿಗಸ್ರಿ, ಓಡಸಬ್ಯಾಡ್ರಿ ಅಂದಾನ."

ಅಕ್ಕಾರು ನಕ್ಕ ನಗುವಿಗೆ ಟೀವಿಯೊಳಗಿನ ಮನುಷ್ಯ ಮೀನಿನ ಬಾಯಿಗೆ ಸಿಕ್ಕ.

"ಅಯ್ಯೋ ಅಕ್ಕಾ, ಏನ ಮಾಡಿದ್ರಿ! ನಾ ಇನ್ನಾ ಅಂತರಾದ ಸಾಲು ಹಿಡೀಲಿಲ್ಲ!" ಅಂದರು ಉಸ್ತಾದರು, ಟ್ರಂಪೆಟ್ಟನ್ನು ಪೆಟ್ಟಿಗೆಯಿಂದ ತೆಗೆಯುತ್ತ.

"ತಡೀರಿ ಉಸ್ತಾದ್ರ, ಮತ್ತ ಮೊದಲಿಂದ ಹೋಗತೇನಿ. ನಿಮಗ ಗಡಬಡಿ ಇಲ್ಲ ಹೌದಿಲ್ಲೋ?"

"ಕೋಟೆ ನೋಡೂತನಕಾ ನಾ ಏಳಂಗಿಲ್ಲ."

ಬಾಗಿಲಲ್ಲಿ ಪಾಳಿಗೆ ನಿಂತ ಹುಡುಗರು ಗೊಣಗಿದರು. ಅಕ್ಕಾರು ಅಡವಿಯಿಂದ ಮತ್ತೆ ಶುರುಮಾಡಿದರು. ಉಸ್ತಾದರು ಮೆಲ್ಲಗೆ, ತುಟಿ ತುದಿಯಲ್ಲೇ, ಎರಡನೇ ದನಿ ಹಿಡಿದರು. ಅವತ್ತು ನಾನು ಬಿಟ್ಟು ಓಡಿಸಿದ್ದ ದನಿ ಅದು. ಅದು ಕೂಡಿದ್ದೇ ತಡ, ನನ್ನ ರಾಗಕ್ಕೆ ಬೆನ್ನು ಬಂದಂತಾಯಿತು, ಊದುತ್ತ ಊದುತ್ತ ನಗು ತಡೆಯಲಾಗಲಿಲ್ಲ. "ನಗಬ್ಯಾಡ, ಸ್ವರ ಒಡೀತೈತಿ," ಅಂತ ಕಣ್ಣಲ್ಲೇ ಗದರಿದರು. ಒಳಗೆ ತವೆಯ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂತು. ಯಾರೂ ಏಳಲಿಲ್ಲ.